ಮೂರನೇ ಗೇರ್ ಯಾಕೆ ನಿಲ್ಲುತ್ತಿರಲಿಲ್ಲ

ಓಡುವಾಗ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬಂದುಬಿಡುತ್ತದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಮೊದಲು ಸಿಗುವ ಸಲಹೆ, ಆಯಿಲ್ ಬದಲಾಯಿಸಿ. ಎರಡನೆಯದು, ಒಳಗೆ ಸ್ಪ್ರಿಂಗ್ ಸೋತಿದೆ, ಗಟ್ಟಿಯದು ಹಾಕಿ. ಎರಡೂ ಪೂರ್ತಿ ತಪ್ಪಲ್ಲ, ಆದರೆ ಎರಡೂ ಮೂಲಕ್ಕೆ ಹೋಗುವುದಿಲ್ಲ. ಎಂಜಿನ್ ಎಳೆಯುತ್ತಿರುವಾಗ ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವುದು ಹಲ್ಲಿನ ಪಕ್ಕದಲ್ಲಿರುವ ಒಂದು ಸಣ್ಣ ಓರೆ. ಗಮನವಿಟ್ಟು ನೋಡದಿದ್ದರೆ ಕಣ್ಣಿಗೇ ಬೀಳದಷ್ಟು ಸಣ್ಣದು. ಅದು ಸವೆದುಹೋದ ಮೇಲೆ ಎಂಥ ಆಯಿಲ್ ಹಾಕಿದರೂ, ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ಗೇರ್ ನಿಲ್ಲುವುದಿಲ್ಲ. ನನ್ನ ಕಾರಿನ ಗೇರ್ ಬಾಕ್ಸ್ ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿದ ಮೇಲೆ ಇದನ್ನೆಲ್ಲ ಬಿಡಿಸಿ ಬರೆಯಬೇಕು ಅನ್ನಿಸಿತು.

ಕಾರು ಹಳೆಯದು, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ಐದು ಗೇರಿನ ಮ್ಯಾನುವಲ್ ಬಾಕ್ಸ್, ಲಿವರ್ ನೇರವಾಗಿ ಬಾಕ್ಸಿನ ಮೇಲೇ ಕೂತಿರುತ್ತದೆ. ಇಂಥ ಕಾರು ಓಡಿಸುವ ಅರ್ಧ ಸುಖ ಆ ಲಿವರಿನಲ್ಲೇ ಇದೆ. ಮಣಿಕಟ್ಟು ಸ್ವಲ್ಪ ತಿರುಗಿಸಿದರೆ ಸಾಕು, ಗೇರ್ ಹೋಗಿ ಕೂತಿದ್ದು ಕೈಗೆ ಗೊತ್ತಾಗಬೇಕು. ನನ್ನದರಲ್ಲಿ ಉಳಿದ ಗೇರುಗಳೆಲ್ಲ ಹಾಗೇ ಇದ್ದವು, ಮೂರನೆಯದು ಮಾತ್ರ ಬೇರೆ. ಆಕ್ಸಿಲರೇಟರ್ ಒತ್ತಿ ಎಳೆಸುವಾಗ ಏನೂ ತೊಂದರೆ ಇಲ್ಲ. ತಿರುವಿಗೆ ಮುಂಚೆ ಕಾಲು ತೆಗೆದ ಕೂಡಲೇ ಲಿವರ್ ಸಣ್ಣಗೆ ನಡುಗಿ, ಟಪ್ ಅಂತ ನ್ಯೂಟ್ರಲ್‌ಗೆ ಬಂದುಬಿಡುತ್ತಿತ್ತು. ಎಂಜಿನ್ ಬ್ರೇಕಿಂಗ್, ಅಂದರೆ ಕಾಲು ತೆಗೆದಾಗ ಎಂಜಿನ್ನೇ ಕಾರಿನ ವೇಗ ತಗ್ಗಿಸುವುದು, ಅಲ್ಲಿಗೆ ಮುಗಿಯಿತು. ಸರಿಯಾಗಿ ತಿರುವಿಗೆ ಇಳಿಯುವ ಹೊತ್ತಿಗೆ ಹಿಂದಿನ ಚಕ್ರದ ಮೇಲಿನ ಬಲ ಹೀಗೆ ಬದಲಾಗುವುದು ಬರೀ ಕಿರಿಕಿರಿ ಅಲ್ಲ, ಅಪಾಯ. ಕೈಯಲ್ಲಿ ಲಿವರ್ ಒತ್ತಿ ಹಿಡಿದುಕೊಂಡು ವರ್ಷಗಟ್ಟಲೆ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಮ್ಯಾನುವಲ್ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳ ಚಕ್ರಗಳೆಲ್ಲ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಗೇರ್ ಹಾಕಿದಾಗ ಆ ದೊಡ್ಡ ಹಲ್ಲುಗಳು ಹೊಸದಾಗಿ ಸೇರುವುದಿಲ್ಲ, ತೆಗೆದಾಗ ಬಿಟ್ಟುಕೊಳ್ಳುವುದೂ ಇಲ್ಲ. ಮೂರನೇ ಗೇರಿನ ಚಕ್ರ ಮೇನ್ ಶಾಫ್ಟಿನ ಮೇಲೆ ನೀಡಲ್ ಬೇರಿಂಗಿನಲ್ಲಿ ಸುಮ್ನೆ ತಿರುಗಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ಶಾಫ್ಟಿಗೆ ಭದ್ರವಾಗಿ ಕೂತ ಹಬ್, ಹಬ್ ಮೇಲೆ ಹಿಂದೆ ಮುಂದೆ ಜಾರುವ ಸ್ಲೀವ್. ಲಿವರ್ ದೂಡಿದರೆ ಒಳಗಿನ ರಾಡ್ ಜರುಗುತ್ತದೆ, ರಾಡಿಗೆ ಸೇರಿದ ಫೋರ್ಕ್ ಸ್ಲೀವನ್ನು ಚಕ್ರದ ಕಡೆಗೆ ತಳ್ಳುತ್ತದೆ, ಸ್ಲೀವಿನ ಒಳಗಿನ ಹಲ್ಲುಗಳು ಹೋಗಿ ಚಕ್ರದ ಪಕ್ಕದಲ್ಲಿರುವ ಸಣ್ಣ ಹಲ್ಲುಗಳ ಮಧ್ಯೆ ಕೂರುತ್ತವೆ. ಆ ಸಣ್ಣ ಹಲ್ಲುಗಳಿಗೇ ಡಾಗ್ ಹಲ್ಲು ಅನ್ನುವುದು. ಅಲ್ಲಿಗೆ ಚಕ್ರವೂ ಶಾಫ್ಟೂ ಒಟ್ಟಿಗೆ ತಿರುಗುತ್ತವೆ, ಗೇರ್ ಬಿದ್ದಂತೆ.

ಈ ಡಾಗ್ ಹಲ್ಲಿನ ಪಕ್ಕ ನೆಟ್ಟಗಿರುವುದಿಲ್ಲ. ತುದಿಯಲ್ಲಿ ಹಲ್ಲು ತುಸು ಅಗಲ, ಬುಡದಲ್ಲಿ ತುಸು ಕಿರಿದು. ಓರೆ ಬರೀ ಕೆಲವು ಡಿಗ್ರಿ. ಸ್ಲೀವಿನ ಹಲ್ಲಿಗೂ ಅದಕ್ಕೆ ಹೊಂದುವ ಓರೆ ಕೊಟ್ಟಿರುತ್ತಾರೆ. ಹೀಗಾಗಿ ಎಂಜಿನ್ ಬಲ ಬಿದ್ದಾಗ ಅದರ ಒಂದು ಪಾಲು ಸ್ಲೀವನ್ನು ಚಕ್ರದ ಕಡೆಗೇ ಎಳೆಯುತ್ತದೆ, ಬಲ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ. ಈ ಉಪಾಯ ನನಗೆ ಎಷ್ಟು ಇಷ್ಟ ಅಂದರೆ, ಬಿಚ್ಚಿದ ಬಾಕ್ಸ್ ಯಾವುದು ಸಿಕ್ಕರೂ ಮೊದಲು ಆ ಹಲ್ಲನ್ನೇ ತಿರುಗಿಸಿ ನೋಡುತ್ತೇನೆ. ಆದರೆ ಓರೆ ಸವೆದು ಹಲ್ಲಿನ ಅಂಚು ದುಂಡಗಾದರೆ ಲೆಕ್ಕ ಉಲ್ಟಾ. ಒಳಕ್ಕೆ ಎಳೆಯುತ್ತಿದ್ದ ಅದೇ ಬಲ ಈಗ ಸ್ಲೀವನ್ನು ಹೊರಕ್ಕೆ ತಳ್ಳುತ್ತದೆ. ಗೇರ್ ಜಾರುವುದು ಅಂತ ನಾವು ಅನ್ನುತ್ತೇವೆ, ಒಳಗೆ ನಡೆಯುವುದು ತಳ್ಳಾಟ.

ಹಾಗಾದರೆ ಸ್ಪ್ರಿಂಗ್ ಯಾತಕ್ಕೆ? ರಾಡಿನ ಮೇಲೆ ಸಣ್ಣ ಗುಳಿಗಳಿರುತ್ತವೆ, ಗುಳಿಗೆ ಕೂರುವ ಒಂದು ಸ್ಟೀಲ್ ಗುಂಡು, ಗುಂಡಿನ ಹಿಂದೆ ಸ್ಪ್ರಿಂಗ್. ಡಿಟೆಂಟ್ ಅನ್ನುವುದು ಇದಕ್ಕೇ. ಬಲ ಇಲ್ಲದ ಕ್ಷಣಗಳಲ್ಲಿ, ಅಂದರೆ ಎಳೆತದಿಂದ ಬ್ರೇಕಿಂಗ್ ಕಡೆಗೆ ತಿರುಗುವ ಆ ಸಂಧಿಯಲ್ಲಿ, ರಸ್ತೆಯ ಕುಲುಕಾಟಕ್ಕೆ ರಾಡ್ ಜರುಗದಂತೆ ಅದು ಹಿಡಿಯುತ್ತದೆ. ಗೇರ್ ಪೂರ್ತಿ ಹೋಗಿ ಕೂತಿದೆ ಅನ್ನುವುದನ್ನು ಕೈಗೆ ತಿಳಿಸುವುದೂ ಅದೇ. ಸ್ಪ್ರಿಂಗ್ ಸೋತಿದ್ದರೆ, ಗುಳಿ ಸವೆದಿದ್ದರೆ ಖಂಡಿತ ಬದಲಾಯಿಸಬೇಕು. ಆದರೆ ಎಂಜಿನ್ನಿನ ಬಲದ ಎದುರು ಅಷ್ಟು ಸಣ್ಣ ಸ್ಪ್ರಿಂಗ್ ಎಷ್ಟು ಹೊತ್ತು ನಿಲ್ಲುತ್ತದೆ? ದುಂಡಗಾದ ಹಲ್ಲಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗೇರ್ ಕೆಲವು ದಿನ ನಿಂತಂತೆ ಕಾಣುತ್ತದೆ, ಅಷ್ಟರಲ್ಲಿ ಹಲ್ಲು ಇನ್ನಷ್ಟು ಹಾಳಾಗಿರುತ್ತದೆ.

ಬಾಕ್ಸ್ ಇಳಿಸುವುದು ದೊಡ್ಡ ಕೆಲಸ. ಅದಕ್ಕೆ ಮುಂಚೆ ಕಾರನ್ನು ಓಡಿಸಿಯೇ ತಿಳಿದುಕೊಳ್ಳಬಹುದಾದದ್ದು ಬಹಳ ಇದೆ, ಅದಕ್ಕೆ ಪುರುಸೊತ್ತು ಮಾಡಿಕೊಳ್ಳಿ. ಯಾವ ಗೇರ್ ಬಿಡುತ್ತದೆ, ಯಾವಾಗ ಬಿಡುತ್ತದೆ. ಎಲ್ಲಾ ಗೇರುಗಳೂ ಬಿಡುತ್ತಿದ್ದರೆ ಹಲ್ಲಿನ ಮೇಲೆ ಅನುಮಾನ ಪಡಬೇಡಿ, ಎಲ್ಲಾ ಹಲ್ಲುಗಳೂ ಒಟ್ಟಿಗೆ ಸವೆಯುವುದು ಅಪರೂಪ. ಎಂಜಿನ್ ಮೌಂಟಿಂಗ್ (ಎಂಜಿನ್ ಕೂತಿರುವ ಆಸರೆ), ಬಾಕ್ಸಿನ ಮೌಂಟಿಂಗ್, ಲಿವರಿನ ಕೆಳಗಿನ ಬುಷ್, ಬೆಲ್ ಹೌಸಿಂಗ್ (ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಮುಂಭಾಗದ ಕವಚ) ಕೂತಿರುವ ರೀತಿ, ಇವನ್ನು ನೋಡಿ. ಮೂರು ಮತ್ತು ನಾಲ್ಕು ಎರಡೂ ಬಿಡುತ್ತಿದ್ದರೆ ಅವೆರಡಕ್ಕೂ ಒಂದೇ ಸ್ಲೀವ್, ಒಂದೇ ಫೋರ್ಕ್ ಇರುವುದರಿಂದ ಫೋರ್ಕ್ ಮೇಲೆ ಕಣ್ಣಿಡಿ. ನಾಲ್ಕನೆಯದು ಒಂದೇ ಬಿಡುತ್ತಿದ್ದರೆ ಬೇರೆ ಕಥೆ. ಹಿಂದಿನ ಚಕ್ರ ಎಳೆಯುವ ಐದು ಗೇರಿನ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರ್, ಅಂದರೆ ಎಂಜಿನ್ ಕಡೆಯಿಂದ ಬಲ ತರುವ ಇನ್‌ಪುಟ್ ಶಾಫ್ಟನ್ನೇ ಮೇನ್ ಶಾಫ್ಟಿಗೆ ಸೇರಿಸಿಬಿಡುತ್ತದೆ. ಎರಡು ಶಾಫ್ಟುಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ, ಹಾಗಾಗಿ ಕ್ರ್ಯಾಂಕ್ ತುದಿಯಲ್ಲಿರುವ ಪೈಲಟ್ ಬೇರಿಂಗನ್ನೂ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೂ ನೋಡಬೇಕಾಗುತ್ತದೆ.

ಯಾವಾಗ ಬಿಡುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಎಳೆಸುವಾಗ ಬಲ ಬೀಳುವುದು ಡಾಗ್ ಹಲ್ಲಿನ ಒಂದು ಪಕ್ಕದ ಮೇಲೆ, ಕಾಲು ತೆಗೆದಾಗ ಬೀಳುವುದು ಇನ್ನೊಂದು ಪಕ್ಕದ ಮೇಲೆ. ನನ್ನ ಕಾರಿನಲ್ಲಿ ಕಾಲು ತೆಗೆದಾಗ ಮಾತ್ರ ಬಿಡುತ್ತಿತ್ತು, ಅಂದರೆ ಮೂರನೇ ಗೇರಿನ ಹಲ್ಲಿನ ಒಂದು ಪಕ್ಕ ಹೋಗಿದೆ, ಇನ್ನೊಂದು ಪಕ್ಕ ಚೆನ್ನಾಗಿದೆ ಅಂತ ಬಾಕ್ಸ್ ತೆರೆಯುವ ಮುಂಚೆಯೇ ಸುಮಾರು ಖಾತ್ರಿಯಾಗಿ ಹೇಳಬಹುದಿತ್ತು. ಜೊತೆಗೆ ಇನ್ನೊಂದು ಸಂಗತಿ ಇದೆ. ಗೇರ್ ಚಕ್ರದ ದೊಡ್ಡ ಹಲ್ಲುಗಳು ಹೆಲಿಕಲ್, ಅಂದರೆ ಅಡ್ಡಡ್ಡ ತಿರುಚಿಕೊಂಡಿರುವಂಥವು. ಸದ್ದು ಕಡಿಮೆ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ಇದರಿಂದಾಗಿ ಬಲ ಬಿದ್ದಾಗಲೆಲ್ಲ ಚಕ್ರ ಶಾಫ್ಟಿನ ಉದ್ದಕ್ಕೆ ಒಂದು ಕಡೆಗೆ ವಾಲುತ್ತದೆ, ಬಲದ ದಿಕ್ಕು ಬದಲಾದರೆ ಇನ್ನೊಂದು ಕಡೆಗೆ. ಚಕ್ರಕ್ಕೆ ಎಂಡ್ ಪ್ಲೇ, ಅಂದರೆ ಶಾಫ್ಟಿನ ಉದ್ದಕ್ಕೆ ಅಲುಗಾಡುವ ಸಡಿಲ, ಜಾಸ್ತಿ ಆಗಿದ್ದರೆ ಅದೇ ಸ್ಲೀವಿನಿಂದ ದೂರ ಸರಿದುಬಿಡುತ್ತದೆ. ಸ್ಲೀವ್ ಕದಲದೆ ನಿಂತಿದ್ದರೂ ಹಿಡಿತ ಕಡಿಮೆ ಆಗುತ್ತದೆ.

ಹೊರಗಿನಿಂದ ನೋಡುವ ಕೆಲಸ ಬೇಗ ಮುಗಿಯುತ್ತದೆ, ಅದಕ್ಕೇ ಅದನ್ನು ಬಿಡಬಾರದು. ಲಿವರಿನ ರಬ್ಬರ್ ಬೂಟ್ ಗಟ್ಟಿಯಾಗಿ ಲಿವರನ್ನು ವಾಪಸ್ ಎಳೆಯುತ್ತಿದೆಯಾ? ಬೂಟ್ ತೆಗೆದು ಓಡಿಸಿ ನೋಡಿ. ಭಾರದ ನಾಬ್ ಹಾಕಿದ್ದಾರಾ? ಅಂದಕ್ಕೆ ಹಾಕುವ ಆ ಲೋಹದ ಗುಂಡಿನ ತೂಕ ಗುಂಡಿ ಬಿದ್ದ ರಸ್ತೆಯಲ್ಲಿ ಲಿವರನ್ನು ಎಳೆದಾಡುತ್ತದೆ. ಲಿವರ್ ಟನಲ್ಲಿಗೆ ಅಥವಾ ಕನ್ಸೋಲಿಗೆ ತಾಗಿ ಗೇರ್ ಪೂರ್ತಿ ಹೋಗದೆ ನಿಲ್ಲುತ್ತಿರಬಹುದು. ಎಂಜಿನ್ ಮೌಂಟಿಂಗ್ ಕಿತ್ತುಹೋಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಎಂಜಿನ್ ಮತ್ತು ಬಾಕ್ಸ್ ಒಟ್ಟಿಗೆ ಹೊರಳುತ್ತವೆ, ಲಿವರ್ ಮಾತ್ರ ಕಾರಿನ ತಗಡಿಗೆ ತಾಗಿ ನಿಂತುಕೊಳ್ಳುತ್ತದೆ. ಆಗ ಗೇರನ್ನು ಹೊರಗೆ ಎಳೆಯುವುದು ಕಾರಿನ ಬಾಡಿಯೇ! ಬಾನೆಟ್ ತೆಗೆದಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಇನ್ನೊಬ್ಬರು ಕ್ಲಚ್ಚನ್ನು ಸ್ವಲ್ಪ ಕಚ್ಚಿಸಿದಾಗ ಪಕ್ಕದಲ್ಲಿ ನಿಂತು ನೋಡಿದರೆ ಎಂಜಿನ್ ಎಷ್ಟು ಏಳುತ್ತದೆ ಅಂತ ಗೊತ್ತಾಗುತ್ತದೆ. ಕಾರಿನ ಮುಂದೆ ಮಾತ್ರ ನಿಲ್ಲಬೇಡಿ.

ಎಂಜಿನ್, ಬಾಕ್ಸ್ ಎಲ್ಲಿವೆ ಅನ್ನುವುದರ ಮೇಲೆ ಈ ಹೊರಗಿನ ತಪಾಸಣೆ ಬದಲಾಗುತ್ತದೆ. ಪೋರ್ಷೆ 944, ಆಲ್ಫಾ ರೋಮಿಯೋ ಆಲ್ಫೆಟ್ಟಾ ಥರದ ಕಾರುಗಳಲ್ಲಿ ಎಂಜಿನ್ ಮುಂದೆ, ಬಾಕ್ಸ್ ಹಿಂದೆ, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಜೊತೆಗೆ. ಲಿವರಿನಿಂದ ಬಾಕ್ಸಿಗೆ ಉದ್ದದ ರಾಡ್ ಹೋಗುತ್ತದೆ, ದಾರಿಯಲ್ಲಿ ಬುಷ್‌ಗಳು, ಜಾಯಿಂಟುಗಳು. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಪ್ಲೇ ಬಂದರೆ ಸಾಕು, ಲಿವರ್ ಪೂರ್ತಿ ಹೋದಂತೆ ಕಂಡರೂ ಒಳಗೆ ಸ್ಲೀವ್ ಪೂರ್ತಿ ಹೋಗಿರುವುದಿಲ್ಲ. ಟೊಯೋಟಾ ಎಂಆರ್2 ಥರ ಎಂಜಿನ್ ನಡುವೆ ಇರುವ ಕಾರಿನಲ್ಲಿ ರಾಡಿನ ಬದಲು ಕೇಬಲ್ ಇರುತ್ತದೆ, ಅಲ್ಲಿ ಕೇಬಲ್ ತುದಿಯ ಬುಷ್ ಮತ್ತು ಅಡ್ಜಸ್ಟ್‌ಮೆಂಟ್ ನೋಡಬೇಕು. ಇಂಥ ಕಾರುಗಳಲ್ಲಿ ಎಷ್ಟೋ ಸಲ ಒಂದು ಪ್ಲಾಸ್ಟಿಕ್ ಬುಷ್ ಬದಲಾಯಿಸಿದರೆ ಕೆಲಸ ಮುಗಿಯುತ್ತದೆ, ಬಾಕ್ಸ್ ಮುಟ್ಟುವುದೇ ಬೇಡ.

ನನ್ನ ಕಾರಿನಲ್ಲಿ ಹೊರಗೆ ಏನೂ ಸಿಗಲಿಲ್ಲ. ಮೌಂಟಿಂಗ್ ಚೆನ್ನಾಗಿತ್ತು, ಲಿವರಿನ ಬುಷ್ ಬದಲಾಯಿಸಿದ ಮೇಲೂ ಮೂರನೆಯದು ಬಿಡುವುದು ನಿಲ್ಲಲಿಲ್ಲ. ಆಮೇಲೆ ಆಯಿಲ್ ಇಳಿಸಿದೆ. ಇದರಲ್ಲಿ ಒಂದು ಕ್ರಮ ಇದೆ: ಯಾವಾಗಲೂ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಬೇಕು, ಅದು ಬಿಚ್ಚಿತು ಅಂತ ಖಾತ್ರಿ ಆದ ಮೇಲೆ ಕೆಳಗಿನ ಡ್ರೈನ್ ಪ್ಲಗ್. ಆಯಿಲ್ ಎಲ್ಲ ಇಳಿಸಿ ಆದಮೇಲೆ ಫಿಲ್ಲರ್ ಬಿಚ್ಚಲು ಬರುವುದಿಲ್ಲ ಅಂತಾದರೆ ಕಾರು ಅಲ್ಲೇ ಕೂತುಬಿಡುತ್ತದೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣುಪಾದ ಬೂದು ಬಣ್ಣದ ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಅದನ್ನು ಬೆರಳಲ್ಲಿ ಉಜ್ಜಿ ನೋಡಿದಾಗ ಚೂರು ಸಿಕ್ಕರೆ, ಹಲ್ಲಿನ ತುದಿಯಂತೆ ಮೂಲೆ ಇರುವ ಚೂರು ಸಿಕ್ಕರೆ, ಯೋಚನೆ ಮಾಡಬೇಕಾದದ್ದೇ. ನನಗೆ ಸಿಕ್ಕಿದ್ದು ಪೇಸ್ಟ್, ಅದರಲ್ಲಿ ಎರಡು ಮೂರು ಸಣ್ಣ ಉಕ್ಕಿನ ಸಿಬಿರು. ಇಳಿದ ಆಯಿಲ್ ಬಿಸಿಲಿಗೆ ಹಿಡಿದರೆ ಚಿನ್ನದ ಬಣ್ಣದ ಹೊಳಪು ಬೇರೆ. ಆ ಹೊಳಪು ಹಿತ್ತಾಳೆಯದು, ಬರುವುದು ಸಿಂಕ್ರೊ ರಿಂಗಿನಿಂದ, ಅಂದರೆ ಗೇರ್ ಹಾಕುವಾಗ ಚಕ್ರಕ್ಕೆ ಉಜ್ಜಿ ಅದರ ವೇಗವನ್ನು ಸ್ಲೀವಿನ ವೇಗಕ್ಕೆ ಹೊಂದಿಸುವ ಉಂಗುರದಿಂದ. ಅದು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ.

ಬಾಕ್ಸ್ ಇಳಿಸುವುದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಕಾರಿಂದ ಕಾರಿಗೆ ಬೇರೆ. ಮಾಜ್ದಾ ಎಂಎಕ್ಸ್-5 ಥರದ ಕಾರಿನಲ್ಲಿ ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆಯ ಅಲ್ಯೂಮಿನಿಯಂ ಫ್ರೇಮ್ ಇರುತ್ತದೆ, ಬಾಕ್ಸ್ ಇಳಿಸಬೇಕಾದರೆ ಅದನ್ನು ಬಿಚ್ಚಲೇಬೇಕು. ಬೇರೆ ಕಾರುಗಳಲ್ಲಿ ಅಡ್ಡ ಪಟ್ಟಿ ಬಿಚ್ಚಿದರೆ ಸಾಕು. ಎಲ್ಲಾ ಕಾರಿಗೂ ಒಂದೇ ಥರ ಇರುವ ಮಾತು ಇಷ್ಟು: ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ನನ್ನ ಬಾಕ್ಸಿನ ತೂಕ ಸುಮಾರು 35 ಕಿಲೋ. ಎದೆಯ ಮೇಲೆ ಇಳಿಸಿಕೊಳ್ಳಬಹುದು ಅನ್ನಿಸುವಂಥ ತೂಕ, ಇಳಿಸಿಕೊಳ್ಳಬಾರದು. ಬೋಲ್ಟ್ ಬಿಚ್ಚಿದ ಮೇಲೆ ಬಾಕ್ಸಿನ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ತೂಗಿಬೀಳದಂತೆ ಕೆಳಗಿನಿಂದ ಜಾಕ್ ಕೊಟ್ಟು ನೇರವಾಗಿ ಹಿಂದಕ್ಕೆ ಎಳೆಯಬೇಕು, ಇಲ್ಲದಿದ್ದರೆ ಕ್ಲಚ್ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ.

ಬೆಂಚಿನ ಮೇಲೆ ಇಟ್ಟು ಕೇಸ್ ಬಿಡಿಸಿದಾಗ ಮೊದಲು ಮಾಡಿದ್ದು ಒಂದು ಚಿಕ್ಕ ಪರೀಕ್ಷೆ. ಇದನ್ನು ಎಲ್ಲರೂ ಮಾಡಬೇಕು ಅಂತ ನನ್ನ ಆಸೆ. ಮೂರನೇ ಗೇರಿನ ಡಾಗ್ ಹಲ್ಲುಗಳನ್ನು ಚೆನ್ನಾಗಿ ಒರೆಸಿ, ಅದರ ಪಕ್ಕಗಳಿಗೆ ಕಪ್ಪು ಮಾರ್ಕರ್ ಬಳಿದೆ. ಒಣಗಿದ ಮೇಲೆ ರಾಡ್ ದೂಡಿ ಡಿಟೆಂಟ್ ಕೂರುವವರೆಗೆ ಮೂರನೇ ಗೇರ್ ಹಾಕಿ, ಶಾಫ್ಟನ್ನು ಎರಡೂ ಕಡೆಗೆ ಬಲವಾಗಿ ತಿರುಗಿಸಿ, ಗೇರ್ ತೆಗೆದೆ. ಕಪ್ಪು ಬಣ್ಣ ಉಜ್ಜಿಹೋದ ಜಾಗವೇ ನಿಜವಾಗಿ ಹಲ್ಲು ಕಚ್ಚಿಕೊಂಡ ಜಾಗ. ಇಡೀ ಹಲ್ಲಿನ ಉದ್ದಕ್ಕೆ ಉಜ್ಜಿಹೋಗಿರಬೇಕಿತ್ತು. ನನ್ನದರಲ್ಲಿ ತುದಿಯ ಅರ್ಧದಷ್ಟು ಮಾತ್ರ ಉಜ್ಜಿಹೋಗಿತ್ತು, ಬುಡದ ಕಪ್ಪು ಹಾಗೇ ಇತ್ತು. ಅಂದರೆ ಲಿವರ್ ಪೂರ್ತಿ ಹೋಗಿ, ಡಿಟೆಂಟ್ ಸರಿಯಾಗಿ ಕೂತರೂ, ಸ್ಲೀವ್ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

ಯಾಕೆ ನಿಲ್ಲುತ್ತಿತ್ತು ಅಂದರೆ ಫೋರ್ಕ್. ಫೋರ್ಕಿನ ಎರಡು ತುದಿಗಳು ಸ್ಲೀವಿನ ಕಾಲುವೆಯಲ್ಲಿ ಕೂತಿರುತ್ತವೆ. ಆ ತುದಿಯಲ್ಲಿ ಒಂದು ಮೆಟ್ಟಿಲು ಕಾಣುತ್ತಿತ್ತು, ಉಗುರು ಎಳೆದರೆ ಸಿಕ್ಕಿಹಾಕಿಕೊಳ್ಳುವಷ್ಟು. ಮೆಟ್ಟಿಲು ಇದ್ದದ್ದು ಒಂದೇ ಪಕ್ಕದಲ್ಲಿ, ಮೂರನೇ ಗೇರಿನ ಕಡೆಗೆ ತಳ್ಳುವ ಪಕ್ಕದಲ್ಲಿ. ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಹಾಕಿ ನೋಡಿದರೆ ಫೋರ್ಕ್ ಮತ್ತು ಕಾಲುವೆಯ ನಡುವಿನ ಸಂದಿ ರಿಪೇರಿ ಪುಸ್ತಕದ, ಅಂದರೆ ಮ್ಯಾನುವಲ್ಲಿನ, ಮಿತಿಯನ್ನು ದಾಟಿತ್ತು. ಆ ಮಿತಿ ಬಾಕ್ಸಿನಿಂದ ಬಾಕ್ಸಿಗೆ ಬೇರೆ, ಆದರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಒಳಗೆ ಇರುತ್ತದೆ. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಡಾಗ್ ಹಲ್ಲಿನ ಉದ್ದವೇ ಕೆಲವು ಮಿಲಿಮೀಟರ್ ಇರುವಾಗ ಅದು ಬಹಳ.

ಮೂರನೇ ಗೇರಿನ ಕಡೆಗೆ ತಳ್ಳುವ ಪಕ್ಕವೇ ಯಾಕೆ ಸವೆಯಿತು? ಲಿವರ್ ಮೇಲೆ ಕೈ ಇಟ್ಟುಕೊಂಡೇ ಓಡಿಸುವ ಅಭ್ಯಾಸ ಇದನ್ನು ಮಾಡುತ್ತದೆ. ಹಿಂದಿನ ಮಾಲೀಕರು ಹಾಗೆ ಓಡಿಸುತ್ತಿದ್ದದ್ದು ನನಗೆ ಗೊತ್ತು. ಗೇರ್ ಕೂತ ಮೇಲೆ ಫೋರ್ಕಿಗೆ ಕೆಲಸ ಇರಬಾರದು, ಅದು ಕಾಲುವೆಯಲ್ಲಿ ಎರಡೂ ಕಡೆ ತಾಗದೆ ಹಗುರವಾಗಿ ನಿಂತಿರಬೇಕು. ಸ್ಲೀವ್ ಮಾತ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ಕೈಯ ಭಾರ ಲಿವರಿನ ಅನುಪಾತದಲ್ಲಿ ಹೆಚ್ಚಾಗಿ ಫೋರ್ಕಿಗೆ ಹೋಗುತ್ತದೆ, ತಿರುಗುವ ಸ್ಲೀವಿಗೆ ಫೋರ್ಕ್ ಉಜ್ಜುತ್ತಲೇ ಇರುತ್ತದೆ. ಫೋರ್ಕ್ ಸವೆದಾಗ ಸ್ಲೀವ್ ಪೂರ್ತಿ ಹೋಗುವುದಿಲ್ಲ, ಪೂರ್ತಿ ಹೋಗದಿದ್ದರೆ ಇಡೀ ಬಲ ಹಲ್ಲಿನ ತುದಿಯ ಮೇಲೆ ಬೀಳುತ್ತದೆ, ತುದಿ ದುಂಡಗಾಗುತ್ತದೆ, ಗೇರ್ ಬಿಡಲು ಶುರುವಾಗುತ್ತದೆ. ಆಗ ಓಡಿಸುವವರು ಏನು ಮಾಡುತ್ತಾರೆ? ಬಿಡಬಾರದು ಅಂತ ಲಿವರನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ, ಫೋರ್ಕ್ ಇನ್ನೂ ಬೇಗ ಸವೆಯುತ್ತದೆ. ಲಿವರ್ ಒತ್ತಿ ಹಿಡಿದು ಓಡಿಸಬೇಡಿ ಅಂತ ಮೊದಲೇ ಕೇಳಿಕೊಂಡದ್ದು ಇದಕ್ಕೇ.

ಆಮೇಲೆ ಹಲ್ಲನ್ನು ಟಾರ್ಚ್ ಹಿಡಿದು ನೋಡಿದೆ. ಎಳೆಸುವ ಪಕ್ಕದಲ್ಲಿ ಅಂಚು ಚೂಪಾಗಿತ್ತು, ಓರೆ ಸ್ಪಷ್ಟವಾಗಿ ಕಾಣುತ್ತಿತ್ತು. ತಿರುಗಿಸಿ ಇನ್ನೊಂದು ಪಕ್ಕ ನೋಡಿದರೆ ತುದಿಯಿಂದ ಅರ್ಧದವರೆಗೆ ಕನ್ನಡಿಯ ಹೊಳಪು, ಅಂಚೇ ಇಲ್ಲ. ಬುಡದ ಕಡೆಯ ಭಾಗ, ಸ್ಲೀವ್ ಮುಟ್ಟದೇ ಇದ್ದ ಜಾಗ, ಹೊಸದರಂತೆ ಮಂಕು ಬೂದು. ಎರಡರ ನಡುವೆ ನೇರ ಗೆರೆ ಎಳೆದಂತೆ. ಓಡಿಸುವಾಗ ಸಿಕ್ಕಿದ್ದ ಸುಳಿವು, ಮಾರ್ಕರ್ ತೋರಿಸಿದ ಗುರುತು, ಈ ಹೊಳಪು ಮೂರೂ ಒಂದೇ ಮಾತು ಹೇಳುತ್ತಿದ್ದವು. ಆ ಕ್ಷಣದ ಖುಷಿ ಯಂತ್ರದ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ.

ಬದಲಾಯಿಸಿದ್ದು ಮೂರನೇ ಗೇರ್ ಚಕ್ರ, ಮೂರು-ನಾಲ್ಕರ ಸ್ಲೀವ್ ಮತ್ತು ಹಬ್, ಎರಡೂ ಸಿಂಕ್ರೊ ರಿಂಗ್, ಫೋರ್ಕ್, ಡಿಟೆಂಟ್ ಸ್ಪ್ರಿಂಗುಗಳು, ಎಲ್ಲಾ ಬೇರಿಂಗ್ ಮತ್ತು ಸೀಲ್. ಸ್ಲೀವನ್ನು ಮಾತ್ರ ಬದಲಾಯಿಸಿ ಹಳೆಯ ಗೇರ್ ಉಳಿಸಿಕೊಳ್ಳುವುದು, ಅಥವಾ ಗೇರ್ ಬದಲಾಯಿಸಿ ಹಳೆಯ ಸ್ಲೀವ್ ಇಟ್ಟುಕೊಳ್ಳುವುದು, ಎರಡೂ ದುಡ್ಡು ದಂಡ. ಸವೆದ ಹಲ್ಲು ತನ್ನ ಜೊತೆಯ ಹಲ್ಲನ್ನು ಬೇಗ ಸವೆಸುತ್ತದೆ. ದುಂಡಗಾದ ಹಲ್ಲನ್ನು ಕೈಯಲ್ಲಿ ಉಜ್ಜಿ ಮತ್ತೆ ಚೂಪು ಮಾಡುತ್ತೇನೆ ಅನ್ನುವವರೂ ಇದ್ದಾರೆ. ಆ ಹಲ್ಲಿನ ಗಟ್ಟಿತನ ಮೇಲ್ಮೈಯಲ್ಲಿ ತೆಳುವಾಗಿ ಇರುತ್ತದೆ. ಉಜ್ಜಿದರೆ ಗಟ್ಟಿ ಪದರ ಹೋಗಿ ಒಳಗಿನ ಮೆದು ಉಕ್ಕು ಹೊರಗೆ ಬರುತ್ತದೆ, ಜೊತೆಗೆ ಎಲ್ಲಾ ಹಲ್ಲಿಗೂ ಒಂದೇ ಓರೆ ಕೈಯಲ್ಲಿ ಬರುವುದೂ ಇಲ್ಲ. ಎರಡು ಮೂರು ಹಲ್ಲು ಮಾತ್ರ ಭಾರ ಹೊತ್ತರೆ ಅವು ಬೇಗ ಮುರಿಯುತ್ತವೆ.

ಸಿಂಕ್ರೊ ರಿಂಗಿನ ಬಗ್ಗೆ ಒಂದು ಮಾತು. ಗೇರ್ ಬಿಡುವುದಕ್ಕೂ ಸಿಂಕ್ರೊಗೂ ನೇರ ಸಂಬಂಧ ಇಲ್ಲ, ಸಿಂಕ್ರೊ ಸವೆದರೆ ಗೇರ್ ಹಾಕುವಾಗ ಕರ್ ಅನ್ನುತ್ತದೆ ಅಷ್ಟೇ. ಆದರೆ ಆ ಕರ್ ಅನ್ನುವ ಸದ್ದು ಡಾಗ್ ಹಲ್ಲಿನ ತುದಿಗಳು ಒಂದಕ್ಕೊಂದು ಬಡಿಯುವ ಸದ್ದು, ಅದನ್ನು ಸಹಿಸಿಕೊಂಡು ಓಡಿಸಿದರೆ ತುದಿಗಳು ಚೂರು ಚೂರಾಗಿ ಕಡೆಗೆ ಗೇರೂ ಬಿಡಲು ಶುರುವಾಗುತ್ತದೆ. ಸಿಂಕ್ರೊಮೆಶ್ ಮೊದಲು ಬಂದದ್ದು 1929ರ ಮಾಡೆಲ್ ಕ್ಯಾಡಿಲ್ಯಾಕ್ ಕಾರುಗಳಲ್ಲಿ. ಅದಕ್ಕೆ ಮುಂಚೆ ಪ್ರತಿ ಗೇರಿಗೂ ಎಂಜಿನ್ ವೇಗವನ್ನು ಕಾಲಿನಿಂದಲೇ ಹೊಂದಿಸಬೇಕಿತ್ತು. ಪೋರ್ಷೆ ತನ್ನದೇ ಬೇರೆ ಥರದ ಸಿಂಕ್ರೊ ಮಾಡಿಕೊಂಡಿತ್ತು, ಸೀಳಿದ ಉಂಗುರದ್ದು. 911 ಕಾರಿಗೆ 1987ರ ಮಾಡೆಲ್ಲಿನಲ್ಲಿ ಜಿ50 ಬಾಕ್ಸ್ ಬಂದಾಗ ಅದು ಉಳಿದವರೆಲ್ಲ ಬಳಸುವ ಕೋನ್ ರಿಂಗಿನ ಸಿಂಕ್ರೊಗೆ ಬಂತು. ಹಾಗಾಗಿ ಹಳೆಯ 911 ಬಾಕ್ಸ್ ಬಿಚ್ಚುವವರು ಅದಕ್ಕೇ ಸೇರಿದ ಮ್ಯಾನುವಲ್ ಇಟ್ಟುಕೊಂಡೇ ಕೂರಬೇಕು.

ಕಟ್ಟುವಾಗ ಅವಸರ ಮಾಡಬಾರದ ಜಾಗಗಳಿವೆ. ಹಬ್ಬಿಗೂ ಸ್ಲೀವಿಗೂ ಹಿಂದೆ ಮುಂದೆ ಇದೆ. ಉಲ್ಟಾ ಹಾಕಿದರೂ ಸಲೀಸಾಗಿ ಕೂರುತ್ತದೆ, ಆದರೆ ಗೇರ್ ಪೂರ್ತಿ ಹೋಗುವುದಿಲ್ಲ. ಬಿಚ್ಚುವಾಗಲೇ ಫೋಟೋ ತೆಗೆದು ಮಾರ್ಕರಿನಲ್ಲಿ ಗುರುತು ಹಾಕಿಕೊಳ್ಳಿ. ಹಬ್ಬಿನ ಮೂರು ಕೀಗಳು (ಸಣ್ಣ ಲೋಹದ ತುಂಡುಗಳು) ಸಿಂಕ್ರೊ ರಿಂಗಿನ ಕಚ್ಚುಗಳಲ್ಲಿ ಸರಿಯಾಗಿ ಕೂತಿವೆಯಾ ನೋಡಿ, ಇಲ್ಲದಿದ್ದರೆ ಪ್ರೆಸ್ಸಿನ ಕೆಳಗೆ ರಿಂಗ್ ಮುರಿಯುತ್ತದೆ. ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ಹಿಡಿದು ಸುತ್ತಲೂ ಫೀಲರ್ ಗೇಜ್ ಹಾಕಿ: ನನ್ನ ಬಾಕ್ಸಿಗೆ ಹೊಸದರಲ್ಲಿ ಸಂದಿ ಸುಮಾರು 1.5 ಮಿ.ಮೀ., 0.8ಕ್ಕಿಂತ ಕಡಿಮೆ ಆದರೆ ರಿಂಗ್ ಎಸೆಯಬೇಕು. ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ, ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರೆ ಶಾಫ್ಟಿನ ಮೇಲೆ ತಾನಾಗೇ ಇಳಿಯುತ್ತದೆ. ಸರ್ಕ್ಲಿಪ್, ಅಂದರೆ ಶಾಫ್ಟಿನ ಕಾಲುವೆಗೆ ಕೂರಿಸುವ ಸ್ಪ್ರಿಂಗ್ ಉಂಗುರ, ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಕಾಲುವೆಯಲ್ಲಿ ಕೂರುವಂಥದ್ದರಲ್ಲಿ ಅತಿ ದಪ್ಪದ್ದನ್ನು ಆರಿಸಬೇಕು. ಹಬ್ ಶಾಫ್ಟಿನ ಮೇಲೆ ಅಲುಗಾಡದಂತೆ ನಿಲ್ಲುವುದು ಈ ಸರ್ಕ್ಲಿಪ್ಪಿನಿಂದಲೇ. ಕೊನೆಗೆ ಗೇರಿನ ಎಂಡ್ ಪ್ಲೇ ಅಳೆಯಿರಿ. 0.1 ರಿಂದ 0.3 ಮಿ.ಮೀ. ಆಸುಪಾಸು ಇದ್ದರೆ ಸಾಮಾನ್ಯವಾಗಿ ಸರಿ, ಖಚಿತ ಅಂಕಿ ನಿಮ್ಮ ಬಾಕ್ಸಿನ ಮ್ಯಾನುವಲ್ಲಿನಲ್ಲಿ ಇರುತ್ತದೆ.

ಕೇಸ್ ಮುಚ್ಚುವ ಮುಂಚೆ ಮಾರ್ಕರ್ ಪರೀಕ್ಷೆ ಮತ್ತೆ ಮಾಡಿದೆ. ಈ ಸಲ ಬುಡದವರೆಗೂ ಬಣ್ಣ ಉಜ್ಜಿಹೋಯಿತು. ಐದೂ ಗೇರಿಗೂ ಮಾಡಿ ನೋಡಿದೆ, ಬಿಚ್ಚಿದ್ದೇ ಆಗಿದೆ ಅಲ್ವಾ.

ಎಂಜಿನ್ನಿಗೆ ವಾಪಸ್ ಸೇರಿಸುವಾಗ ಬೆಲ್ ಹೌಸಿಂಗಿನ ಡವೆಲ್ ಪಿನ್ನುಗಳನ್ನು ಮರೆಯಬೇಡಿ. ಬೋಲ್ಟುಗಳು ಬಿಗಿಯಲು ಮಾತ್ರ, ಎಂಜಿನ್ನಿಗೂ ಬಾಕ್ಸಿಗೂ ಒಂದೇ ಗೆರೆ ಕೊಡುವುದು ಡವೆಲ್. ಹಿಂದೆ ಯಾರೋ ಕ್ಲಚ್ ಬದಲಾಯಿಸುವಾಗ ಡವೆಲ್ ಬಿದ್ದುಹೋಗಿ, ಬರೀ ಬೋಲ್ಟಿನಲ್ಲಿ ಕಟ್ಟಿದ ಕಾರುಗಳಲ್ಲಿ ಹೊಸ ಬಾಕ್ಸ್ ಹಾಕಿದರೂ ಗೇರ್ ಬಿಡುತ್ತದೆ. ಎರಡು ಮುಖಗಳ ನಡುವೆ ಒಂದು ವೈರಿನ ತುಂಡು, ಒಣಗಿದ ಮಣ್ಣು ಸಿಕ್ಕಿಹಾಕಿಕೊಂಡರೂ ಅಷ್ಟೇ. ಬಾಕ್ಸ್ ಕೆಳಗೆ ಇರುವಾಗಲೇ ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಬದಲಾಯಿಸಿ. ಅವುಗಳ ಬೆಲೆ ಕಡಿಮೆ, ಅಲ್ಲಿಗೆ ಕೈ ಹೋಗುವಂತೆ ಮಾಡುವ ಶ್ರಮ ಜಾಸ್ತಿ.

ಆಯಿಲ್ ವಿಷಯದಲ್ಲಿ ಮ್ಯಾನುವಲ್ ಹೇಳಿದ್ದನ್ನೇ ಹಾಕಿ. ನನ್ನದಕ್ಕೆ 75ಡಬ್ಲ್ಯು-90 (ಇದು ಆಯಿಲ್ಲಿನ ದಪ್ಪ), ಜಿಎಲ್-4 (ಇದು ಅದರ ದರ್ಜೆ). ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಜಿಎಲ್-5, ನಂಬರ್ ದೊಡ್ಡದು ಅಂದರೆ ಒಳ್ಳೆಯದು ಅನ್ನಿಸುತ್ತದೆ. ಆದರೆ ಜಿಎಲ್-5 ಮುಖ್ಯವಾಗಿ ಡಿಫರೆನ್ಷಿಯಲ್ಲಿನ ಹೈಪಾಯ್ಡ್ ಗೇರುಗಳಿಗೆ ಮಾಡಿದ್ದು. ಅದರಲ್ಲಿ ಗಂಧಕ ಮತ್ತು ರಂಜಕ ಇರುವ ಅಡಿಟಿವ್ ಜಾಸ್ತಿ, ಅಂಥ ಕೆಲವು ಆಯಿಲ್ ಸಿಂಕ್ರೊ ರಿಂಗಿನ ಹಿತ್ತಾಳೆಯನ್ನು ತಿನ್ನುತ್ತವೆ. ಜೊತೆಗೆ ಜಾರಿಕೆ ಜಾಸ್ತಿ ಆಗಿ, ಉಜ್ಜಿ ವೇಗ ಹೊಂದಿಸಬೇಕಾದ ರಿಂಗಿಗೆ ಹಿಡಿತ ಸಿಗುವುದಿಲ್ಲ. ಎರಡಕ್ಕೂ ಆಗುತ್ತದೆ ಅಂತ ಬರೆದ ಆಯಿಲ್ಲುಗಳೂ ಇವೆ, ಆದರೂ ಮ್ಯಾನುವಲ್ಲೇ ಕೊನೆಯ ಮಾತು. ಕಾರು ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನಿಂದ ಹೊರಗೆ ಹನಿಯುವವರೆಗೆ ತುಂಬಿದರೆ ಅಳತೆ ಸರಿ.

ಮೊದಲ ಓಟ ನಿಧಾನವಾಗಿ ಮಾಡಿದೆ, ಆಯಿಲ್ ಬಿಸಿ ಆಗುವವರೆಗೆ ಎಂಜಿನ್ನಿಗೆ ಜಾಸ್ತಿ ಭಾರ ಕೊಡಲಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಎಳೆಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು, ಆಕ್ಸಿಲರೇಟರಿನಿಂದ ಒಮ್ಮೆಲೇ ಕಾಲು ತೆಗೆದೆ. ಲಿವರ್ ಕಾಲು ಇಂಚು ಸರಿದು ಅಲ್ಲೇ ನಿಂತಿತು. ಅದು ಸಹಜ, ಬಲದ ದಿಕ್ಕು ಬದಲಾದಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಸ್ವಲ್ಪ ಹೊರಳುತ್ತದೆ, ಬಾಕ್ಸಿನ ಮೇಲೇ ಕೂತಿರುವ ಲಿವರೂ ಅದರ ಜೊತೆ ಹೊರಳುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದೆ. ಇಳಿಜಾರಿನಲ್ಲಿ ಬರೀ ಎಂಜಿನ್ ಬ್ರೇಕಿಂಗಿನಲ್ಲಿ ಇಳಿಸಿದೆ. ಗೇರ್ ಕದಲಲಿಲ್ಲ.

ಹೊಸ ರಿಂಗುಗಳು ಕೂತುಕೊಳ್ಳುವಾಗ ಸ್ವಲ್ಪ ಪುಡಿ ಬಿಡುತ್ತವೆ, ಹಾಗಾಗಿ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಆ ಆಯಿಲ್ ಇಳಿಸಿ ಹೊಸದು ಹಾಕಿದೆ. ಮ್ಯಾಗ್ನೆಟ್ ಮೇಲೆ ತೆಳುವಾದ ಬೂದು ಪೇಸ್ಟ್ ಮಾತ್ರ ಇತ್ತು, ಉಜ್ಜಿ ನೋಡಿದರೆ ಚೂರು ಯಾವುದೂ ಸಿಗಲಿಲ್ಲ. ಈಗ ಯಾರಾದರೂ ಓಡಿಸಲು ಕೇಳಿದರೆ ಕೊಡುತ್ತೇನೆ, ಗೇರ್ ಹಾಕಿದ ಮೇಲೆ ಲಿವರಿನಿಂದ ಕೈ ತೆಗೆಯಿರಿ ಅಂತ ಹೇಳಿಯೇ ಕೀ ಕೊಡುತ್ತೇನೆ.